ಸೈಡ್ ಹೊಡೆಯುವ ವಿದ್ಯೆ: ಮಾದಿಹಳ್ಳಿಯ ರೇಸಿಂಗ್ ಹುಡುಗರಿಗೆ ಕೆಲವು ಸೂತ್ರಗಳು

ರೇಸಿಂಗ್ ಗೇಮ್ ಗೆಲ್ಲೋದು ಹೇಗೆ ಅಂತ ಯಾವ ಹುಡುಗನನ್ನು ಬೇಕಾದರೂ ಕೇಳಿ. ‘ಶುರುವಿಗೇ ಮುಂದೆ ಹೋಗ್ಬಿಡ್ಬೇಕು, ಆಮೇಲೆ ಯಾರಿಗೂ ಸೈಡ್ ಕೊಡ್ಬಾರ್ದು’ ಅನ್ನುತ್ತಾನೆ. ಕೇಳಲು ಚೆಂದ. ಆದರೆ ಆರ್ಕೇಡ್ ರೇಸಿಂಗ್ ಗೇಮ್ ಕಟ್ಟಿದವರು ಈ ಹುಡುಗನ ಪರವಾಗಿಲ್ಲ. ಹಿಂದೆ ಬಿದ್ದವನ ಪರವಾಗಿದ್ದಾರೆ. ಮುಂದಿನವನ ಬೆನ್ನು ಹಿಡಿದರೆ ಹೆಚ್ಚಿನ ವೇಗ, ಹಿಂದುಳಿದವನ ಕೈಗೆ ಬಲವಾದ ಅಸ್ತ್ರ, ತಪ್ಪಿಸಿಕೊಂಡು ಓಡಿದವನನ್ನು ಅಟ್ಟಿಸಿಕೊಂಡು ಬರುವ ಕಂಪ್ಯೂಟರ್ ಕಾರು. ರೇಸು ಕೊನೆಯವರೆಗೂ ಬಿಗಿಯಾಗಿರಲಿ ಅಂತ ಬೇಕೆಂದೇ ಮಾಡಿಟ್ಟ ಏರ್ಪಾಡು ಇದು.

ಮಾದಿಹಳ್ಳಿ ಹೋಬಳಿಯಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಇರುವುದು ಫೋನು, ಅದರಲ್ಲಿ ಆಸ್ಫಾಲ್ಟ್, ಬೀಚ್ ಬಗ್ಗಿ ರೇಸಿಂಗ್. ಹಾಸನದಲ್ಲೋ ಬೆಂಗಳೂರಲ್ಲೋ ಓದುತ್ತಿರುವ ಅಣ್ಣನ ರೂಮಿನಲ್ಲಾದರೆ ಕಂಪ್ಯೂಟರ್, ಇಲ್ಲವೇ ಗೇಮ್ ಕನ್ಸೋಲಿನಲ್ಲಿ ಮಾರಿಯೋ ಕಾರ್ಟ್. ಇಷ್ಟು ಸಾಕು. ಎರಡನೆಯವನಾಗಿ ಓಡುವುದನ್ನು ಮೊದಲು ಕಲಿಯಿರಿ. ಮುಂದೆ ಹೋಗುವ ಜಾಗ ಯಾವುದು ಅಂತ ನೀವೇ ಆರಿಸುವ ಧೈರ್ಯ ಆಮೇಲೆ ತಾನಾಗಿ ಬರುತ್ತದೆ.

1. ಮೊದಲ ತಿರುವನ್ನು ಬಿಟ್ಟುಕೊಡಿ.

ಹಸಿರು ದೀಪ ಬಿದ್ದದ್ದೇ ಎಲ್ಲರೂ ನುಗ್ಗುವುದು ಒಂದೇ ಜಾಗಕ್ಕೆ, ಮೊದಲ ತಿರುವಿನ ಒಳಮೂಲೆಗೆ. ಅಲ್ಲಿ ಗುದ್ದಾಟ ತಪ್ಪಿದ್ದಲ್ಲ. ನೀವು ಒಂದು ಕಾರಿನ ಉದ್ದ ಹಿಂದೆ ಉಳಿಯಿರಿ. ಒಳಗೆ ನುಗ್ಗಿದವರು ವೇಗ ತಡೆಯಲಾಗದೆ ಹೊರಕ್ಕೆ ಜಾರುತ್ತಾರೆ, ಜಾರುವಾಗ ಹೊರಗಿದ್ದವರನ್ನೂ ಗೋಡೆಗೆ ಒತ್ತುತ್ತಾರೆ, ಒಳಮೂಲೆ ಖಾಲಿಯಾಗುತ್ತದೆ. ಏನೂ ಸಾಹಸ ಮಾಡದೆ ಎರಡು ಮೂರು ಸ್ಥಾನ ಮೇಲೆ ಬರುವ ಅವಕಾಶ ಇಡೀ ರೇಸಿನಲ್ಲಿ ಇದೊಂದೇ ಕಡೆ.

2. ಬೆನ್ನು ಹಿಡಿಯಿರಿ, ಆದರೆ ಅಂಟಿಕೊಳ್ಳಬೇಡಿ.

ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದರ ಹಿಂದೆ ಗಾಳಿಯ ಒತ್ತಡ ಕಡಿಮೆ. ಅಲ್ಲಿ ಸೇರಿಕೊಂಡವನಿಗೆ ಗಾಳಿಯ ತಡೆಯೂ ಕಡಿಮೆ, ಅಷ್ಟೇ ಎಂಜಿನ್ನಿನಲ್ಲಿ ಹೆಚ್ಚು ವೇಗ. ಇದೇ ಸ್ಲಿಪ್‌ಸ್ಟ್ರೀಮ್. ನಿಜವಾದ ಟ್ರ್ಯಾಕಿನಲ್ಲಿ ಇದು ಭೌತಶಾಸ್ತ್ರ; ಗೇಮಿನಲ್ಲಿ ಬರೀ ಲೆಕ್ಕ. ಮಾರಿಯೋ ಕಾರ್ಟ್‌ನಲ್ಲಿ ಎದುರಿನವನ ಹಿಂದೆ ನೇರವಾಗಿ ಒಂದೆರಡು ಸೆಕೆಂಡು ಇದ್ದರೆ ಗಾಳಿಯ ಗೆರೆಗಳು ಕಾಣಿಸಿ ನಿಮ್ಮ ಗಾಡಿಗೆ ಒಂದು ನೂಕು ಸಿಗುತ್ತದೆ. ನಿಮ್ಮ ಗೇಮಿನಲ್ಲಿ ಈ ಏರ್ಪಾಡು ಇದೆಯೋ ಇಲ್ಲವೋ ಅಂತ ಮೊದಲ ದಿನವೇ ಪರೀಕ್ಷೆ ಮಾಡಿಕೊಳ್ಳಿ. ಎಲ್ಲ ಗೇಮಿನಲ್ಲೂ ಇರುವುದಿಲ್ಲ.

ಬಾಲಕ್ಕೆ ಮೂತಿ ತಾಗಿಸಿಕೊಂಡು ಓಡಿದರೆ ಮಾತ್ರ ಕೆಲಸ ಕೆಡುತ್ತದೆ. ಹಗರೆ ದಾಟಿ ಬೇಲೂರಿನ ಕಡೆ ಹೊರಟ ಬಸ್ಸು ಶುಂಠಿ ಮೂಟೆ ತುಂಬಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ ಡ್ರೈವರ್ ಏನು ಮಾಡುತ್ತಾರೆ, ಗಮನಿಸಿ. ಟ್ರೈಲರಿಗೆ ಅಂಟಿಕೊಂಡು ಹಾರ್ನ್ ಒತ್ತುವವರು ಹೊಸಬರು. ಪಳಗಿದವರು ಬೇಕೆಂದೇ ಸ್ವಲ್ಪ ಹಿಂದೆ ಉಳಿಯುತ್ತಾರೆ. ಎದುರು ರಸ್ತೆ ಖಾಲಿ ಕಂಡದ್ದೇ ವೇಗ ಏರಿಸುತ್ತಾರೆ; ಟ್ರ್ಯಾಕ್ಟರಿನ ಪಕ್ಕಕ್ಕೆ ಬರುವ ಹೊತ್ತಿಗೆ ಬಸ್ಸು ಆಗಲೇ ಓಡುತ್ತಿರುತ್ತದೆ. ಅಂಟಿಕೊಂಡವನಿಗೆ ಪಕ್ಕಕ್ಕೆ ಬಂದ ಮೇಲಷ್ಟೇ ವೇಗ ಏರಿಸಲು ಸಾಧ್ಯ, ಅಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ.

3. ತಿರುವಿಗೆ ಹೊಗುವ ವೇಗಕ್ಕಿಂತ ಹೊರಬರುವ ವೇಗ ದೊಡ್ಡದು.

ಈ ಒಂದು ಸೂತ್ರ ಬಂದರೆ ಉಳಿದದ್ದರಲ್ಲಿ ಅರ್ಧ ಬಂದ ಹಾಗೆ. ಲೆಕ್ಕ ನೋಡಿ. ತಿರುವಿನಿಂದ ಹೊರಬರುವಾಗ ನಿಮ್ಮ ವೇಗ ಎದುರಿನವನಿಗಿಂತ ಗಂಟೆಗೆ 10 ಕಿಲೋಮೀಟರ್ ಹೆಚ್ಚಿದೆ ಅನ್ನಿ. ಅಂದರೆ ಸೆಕೆಂಡಿಗೆ 2.8 ಮೀಟರಿನಷ್ಟು ಹತ್ತಿರ ಬರುತ್ತೀರಿ. ಮುಂದೆ 5 ಸೆಕೆಂಡಿನ ನೇರ ರಸ್ತೆ ಇದ್ದರೆ ಸುಮಾರು 14 ಮೀಟರ್, ಅಂದರೆ ಮೂರು ಕಾರಿನ ಉದ್ದ. ಅದೇ ತಿರುವಿನ ಬಾಯಲ್ಲಿ ಬ್ರೇಕ್ ತಡವಾಗಿ ಹಾಕಿದರೆ ಸಿಗುವುದು ಒಂದು ಕಾರಿನ ಉದ್ದ. ಅದೂ ಗೋಡೆಗೆ ಹೋಗದಿದ್ದರೆ.

ಮಾಡಬೇಕಾದದ್ದು ಇಷ್ಟು: ತಿರುವಿಗೆ ಮೊದಲು ರಸ್ತೆಯ ಹೊರಬದಿಗೆ ಬನ್ನಿ, ಬ್ರೇಕನ್ನು ಕೊಂಚ ಮೊದಲೇ ಹಾಕಿ ಮುಗಿಸಿ, ತಿರುವಿನ ನಡುವನ್ನು ದಾಟಿದ ಮೇಲೆ ಒಳಮೂಲೆ ಮುಟ್ಟಿ, ಅಲ್ಲಿಂದ ಗಾಡಿ ನೇರ ಆಗುತ್ತಿರುವಂತೆಯೇ ಪೂರ್ತಿ ವೇಗ. ಮುಂದಿನವನು ತಿರುವಿಗೆ ಜೋರಾಗಿ ಹೊಕ್ಕು ಒಂದು ಕ್ಷಣ ದೂರ ಹೋದ ಹಾಗೆ ಕಾಣುತ್ತಾನೆ. ಗಾಬರಿ ಬೇಡ, ನೇರ ರಸ್ತೆಯಲ್ಲಿ ಸಿಗುತ್ತಾನೆ.

ಡ್ರಿಫ್ಟ್ ಮಾಡಿದರೆ ನೂಕು ಸಿಗುವ ಗೇಮುಗಳಲ್ಲೂ ಲೆಕ್ಕ ಇದೇ. ಮಾರಿಯೋ ಕಾರ್ಟ್ 8 ಡಿಲಕ್ಸ್‌ನಲ್ಲಿ ಡ್ರಿಫ್ಟ್ ಹಿಡಿದಷ್ಟೂ ಕಿಡಿಯ ಬಣ್ಣ ನೀಲಿ, ಕಿತ್ತಳೆ, ನೇರಳೆ ಅಂತ ಬದಲಾಗುತ್ತದೆ, ನೂಕೂ ಹೆಚ್ಚುತ್ತದೆ. ನೇರಳೆಯ ಆಸೆಗೆ ಗಾಡಿಯನ್ನು ರಸ್ತೆಯ ಅಂಚಿಗೆ ತಳ್ಳಿಕೊಳ್ಳುವುದಕ್ಕಿಂತ ಕಿತ್ತಳೆಗೇ ಬಿಟ್ಟು ನೇರವಾಗಿ ಹೊರಬರುವುದು ಎಷ್ಟೋ ತಿರುವುಗಳಲ್ಲಿ ಲಾಭ.

4. ಬಾಲ ಕಂಡಾಕ್ಷಣ ನೈಟ್ರೋ ಒತ್ತುವುದು ಚಟ.

ನೈಟ್ರೋಗೆ ಸರಿಯಾದ ಹೊತ್ತು ಎದುರಿನವನು ಕಂಡಾಗ ಅಲ್ಲ, ಎದುರಿನ ರಸ್ತೆ ಕಂಡಾಗ. ತಿರುವಿನಿಂದ ಹೊರಬಂದು ವೇಗ ಇನ್ನೂ ಏರುತ್ತಿರುವಾಗ ಒತ್ತಿದರೆ ಅದರ ಫಲ ಇಡೀ ನೇರ ರಸ್ತೆಗೆ ಸಿಗುತ್ತದೆ. ಆಗಲೇ ತುತ್ತತುದಿಯ ವೇಗದಲ್ಲಿದ್ದು, ತಿರುವು ಹತ್ತಿರ ಬಂದಾಗ ಒತ್ತಿದರೆ ಓವರ್‌ಟೇಕ್ ಆಗುವುದೇನೋ ಆಗುತ್ತದೆ. ಮರುಕ್ಷಣ ತಡೆಗೋಡೆಯೂ ಸಿಗುತ್ತದೆ.

2018ರಲ್ಲಿ ಬಂದ ಆಸ್ಫಾಲ್ಟ್ 9ರಲ್ಲಿ (2024ರ ಜುಲೈನಲ್ಲಿ ಅದಕ್ಕೆ ಆಸ್ಫಾಲ್ಟ್ ಲೆಜೆಂಡ್ಸ್ ಯುನೈಟ್ ಅಂತ ಹೆಸರಿಟ್ಟರು) ನೈಟ್ರೋ ಬಾರ್ ತುಂಬಿದಾಗ ಎರಡು ಸಲ ಬೇಗ ಒತ್ತಿದರೆ ನೇರಳೆ ಬಣ್ಣದ ಶಾಕ್‌ವೇವ್. ನೋಡಲು ಭರ್ಜರಿ, ತುಂಬಿದ ಬಾರ್ ಅಷ್ಟೇ ಬೇಗ ಖಾಲಿ. ಅದನ್ನು ಉದ್ದದ ನೇರ ದಾರಿಗೆ ಇಟ್ಟುಕೊಳ್ಳಿ. ಅದೇ ಗೇಮಿನಲ್ಲಿ ಡ್ರಿಫ್ಟ್ ಬಟನ್ ಎರಡು ಸಲ ಒತ್ತಿ ಬುಗುರಿಯಾಗುವ 360 ಇದೆಯಲ್ಲ, ಪಕ್ಕದವನನ್ನು ಕೆಡವಲು ಬಲು ಚೆನ್ನ. ಪಕ್ಕದಲ್ಲಿ ಯಾರೂ ಇಲ್ಲದಾಗಲೂ ಅದನ್ನೇ ಮಾಡುತ್ತಾ ಹೋಗುವವರಿಗೆ ಏನು ಹೇಳುವುದು, ತಿಳಿಯದು.

ಇನ್ನು ಟಚ್‌ಡ್ರೈವ್. ಸ್ಟೇರಿಂಗ್ ಗೇಮೇ ನೋಡಿಕೊಳ್ಳುತ್ತದೆ, ಯಾವ ದಾರಿ, ಯಾವಾಗ ನೈಟ್ರೋ ಅನ್ನುವುದಷ್ಟೇ ನಿಮ್ಮದು. ‘ಅದು ಮಕ್ಕಳಾಟ’ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಹೊಸಬರು ಟೈಮಿಂಗ್ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

5. ಒಳಗೆ ನುಗ್ಗಿದವನಿಗೆ ದಾರಿ ಬಿಡಿ, ಹಿಂದಿನಿಂದ ವಾಪಸ್ ತಗೊಳ್ಳಿ.

ನೀವು ಮುಂದಿದ್ದೀರಿ, ಹಿಂದಿನವನು ತಿರುವಿಗೆ ತಡವಾಗಿ ಬ್ರೇಕ್ ಹಾಕಿ ಒಳಬದಿಯಿಂದ ನುಗ್ಗುತ್ತಾನೆ. ನೂರಕ್ಕೆ ತೊಂಬತ್ತು ಜನ ಅವನ ಮೇಲೆ ಬಾಗಿಲು ಮುಚ್ಚಲು ಹೋಗಿ ಇಬ್ಬರೂ ಕೆಡುತ್ತಾರೆ. ಬದಲಿಗೆ ಬಿಟ್ಟುಬಿಡಿ. ಅವನ ವೇಗ ಹೆಚ್ಚು, ಕೋನ ಕಿರಿದು. ಅವನು ಒಳಮೂಲೆಯಲ್ಲಿ ನಿಲ್ಲಲಾರ, ರಸ್ತೆಯ ಹೊರ ಅಂಚಿಗೆ ಜಾರಲೇಬೇಕು. ನೀವು ಅಷ್ಟರಲ್ಲಿ ಹೊರಗಿನಿಂದ ನಿಧಾನಕ್ಕೆ ತಿರುಗಿಸಿ, ಅವನು ಬಿಟ್ಟುಹೋದ ಒಳಗಿನ ಜಾಗಕ್ಕೆ ಮೂತಿ ಹಾಕಿ, ಅವನು ಗಾಡಿ ಸರಿಮಾಡಿಕೊಳ್ಳುವ ಮುಂಚೆಯೇ ಪೂರ್ತಿ ವೇಗದಲ್ಲಿ ಹೊರಡಿ. ಅವನು ‘ಹೊಡ್ದೆ ಮಗಾ!’ ಅಂದು ಬಾಯಿ ಮುಚ್ಚುವುದರೊಳಗೆ ಸ್ಥಾನ ನಿಮ್ಮದು.

ಇದನ್ನು ದಾಳಿಗೂ ಬಳಸಬಹುದು. ಎದುರಿನವನು ಹೆದರುವ ಸ್ವಭಾವದವನಾದರೆ ಒಂದೆರಡು ತಿರುವಿನಲ್ಲಿ ಒಳಬದಿಗೆ ಮೂತಿ ತೋರಿಸಿ. ಮೂರನೆಯದರಲ್ಲಿ ಅವನು ತಾನೇ ಮುಂಚಿತವಾಗಿ ಒಳಬದಿಗೆ ಅಂಟಿಕೊಳ್ಳುತ್ತಾನೆ, ಅಲ್ಲಿಂದ ಹೊರಬರುವ ವೇಗ ಕಳೆದುಕೊಳ್ಳುತ್ತಾನೆ. ಒಂದು ಎಚ್ಚರಿಕೆ: ಫೋನ್ ಗೇಮುಗಳಲ್ಲಿ ಬಹಳ ಮಂದಿಗೆ ಹಿಂದೆ ಏನಾಗುತ್ತಿದೆ ಅನ್ನುವುದರ ಪರಿವೆಯೇ ಇರುವುದಿಲ್ಲ. ನೋಡದವನಿಗೆ ಮೂತಿ ತೋರಿಸಿ ಪ್ರಯೋಜನವಿಲ್ಲ.

6. ಇಬ್ಬರ ಜಗಳ ಮೂರನೆಯವನಿಗೆ ಲಾಭ.

ಮುಂದಿನ ಇಬ್ಬರು ಪಕ್ಕಪಕ್ಕ ಓಡುತ್ತಿದ್ದರೆ ಇಬ್ಬರೂ ತಿರುವಿನಲ್ಲಿ ನಿಧಾನ ಆಗುತ್ತಾರೆ. ಒಬ್ಬನಿಗೂ ಸರಿಯಾದ ಗೆರೆ ಸಿಗುವುದಿಲ್ಲ. ಮೂರನೆಯವನಾಗಿ ನಡುವೆ ತೂರಬೇಡಿ. ಎರಡು ಕಾರಿನ ಉದ್ದ ಬಿಟ್ಟು ಕಾಯಿರಿ.

7. ಅಸ್ತ್ರಗಳಿರುವ ಆಟದಲ್ಲಿ ಮೊದಲ ಸ್ಥಾನ ಶಿಕ್ಷೆ.

ಮಾರಿಯೋ ಕಾರ್ಟ್‌ನಲ್ಲಿ ಮೊದಲ ಸ್ಥಾನದಲ್ಲಿರುವವನಿಗೆ ಪೆಟ್ಟಿಗೆಯಿಂದ ಬರುವುದು ಬಾಳೆಹಣ್ಣಿನ ಸಿಪ್ಪೆ, ನಾಣ್ಯದಂಥ ಚಿಲ್ಲರೆ. ಹಿಂದುಳಿದವರಿಗೆ ನಕ್ಷತ್ರ, ಗುಂಡು, ಸಿಡಿಲು. 1996ರಲ್ಲಿ ಬಂದ ಮಾರಿಯೋ ಕಾರ್ಟ್ 64ರಿಂದ ಈಚೆಗೆ, ಮುಂದಿರುವವನನ್ನೇ ಹುಡುಕಿಕೊಂಡು ಹೋಗುವ ನೀಲಿ ಚಿಪ್ಪು ಬೇರೆ. ಹಾಗಾಗಿ ನುರಿತವರಲ್ಲಿ ಕೆಲವರು ಬೇಕೆಂದೇ ಹಿಂದೆ ಉಳಿದು, ದೊಡ್ಡ ಅಸ್ತ್ರ ಸಂಗ್ರಹಿಸಿ, ಕೊನೆಯ ಲ್ಯಾಪಿನಲ್ಲಿ ಅಡ್ಡದಾರಿಗಳಲ್ಲಿ ಸುರಿಯುತ್ತಾರೆ. ಕಡೆಯ ಸ್ಥಾನಕ್ಕೇ ಇಳಿಯುವ ಹುಚ್ಚು ಬೇಡ. ಎಲ್ಲ ಟ್ರ್ಯಾಕಿನಲ್ಲೂ ಅದು ನಡೆಯುವುದಿಲ್ಲ. ಆದರೆ ಅರ್ಧ ರೇಸು ಎರಡು, ಮೂರರಲ್ಲಿ ಇದ್ದು, ನೀಲಿ ಚಿಪ್ಪು ಇನ್ನೊಬ್ಬನ ತಲೆ ಮೇಲೆ ಸಿಡಿಯುವುದನ್ನು ಕಂಡು ಆಮೇಲೆ ಮುಂದೆ ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ. ಬೀಚ್ ಬಗ್ಗಿ ಆಡುವವರಿಗೂ ಒಂದು ಮಾತು: ಒಂದು ಅಸ್ತ್ರವನ್ನು ಕಡೆಯ ಲ್ಯಾಪಿಗೆ ಉಳಿಸಿಕೊಳ್ಳಿ.

8. ಎದುರಾಳಿ ಕಂಪ್ಯೂಟರೋ ಮನುಷ್ಯನೋ, ಮೊದಲು ನೋಡಿ.

ಒಬ್ಬರೇ ಆಡುವಾಗ ಎಷ್ಟೋ ಗೇಮುಗಳಲ್ಲಿ ಕಂಪ್ಯೂಟರ್ ಕಾರುಗಳಿಗೆ ಒಂದು ಕಾಣದ ರಬ್ಬರ್ ಬ್ಯಾಂಡ್ ಕಟ್ಟಿರುತ್ತಾರೆ. ನೀವು ಮುಂದೆ ಓಡಿದರೆ ಅವೂ ಜೋರಾಗುತ್ತವೆ, ನೀವು ಹಿಂದೆ ಬಿದ್ದರೆ ಅವೂ ಮೆತ್ತಗಾಗುತ್ತವೆ. ಅಲ್ಲಿ ಮೊದಲ ಲ್ಯಾಪಿನಲ್ಲಿ ನೈಟ್ರೋ ಸುಟ್ಟು ಗಳಿಸಿದ ದೂರಕ್ಕೆ ಬೆಲೆಯೇ ಇಲ್ಲ, ಕೊನೆಯ ಲ್ಯಾಪಿಗೆ ಎಲ್ಲ ಕರಗಿರುತ್ತದೆ. ಮನುಷ್ಯರ ಜೊತೆ ಆನ್‌ಲೈನ್ ಆಡುವಾಗ ಈ ದಯೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಬಹಳ ಹಿಂದೆ ಬಿದ್ದರೆ ಹಿಂದೆಯೇ. ಆದ್ದರಿಂದ ‘ಎರಡನೆಯವನಾಗಿರಿ’ ಅಂದರೆ ಕಣ್ಣಿಗೆ ಕಾಣುವಷ್ಟು ಹತ್ತಿರದ ಎರಡನೆಯವನು.

9. ನೆಟ್‌ವರ್ಕ್ ಕೂಡ ಒಬ್ಬ ಎದುರಾಳಿ.

ನಮ್ಮ ಹಳ್ಳಿಗಳ ಕಡೆ ಆಡುವವರಿಗೆ ಬೆಂಗಳೂರಿನ ಗೆಳೆಯರು ಹೇಳದ ಪಾಠ ಇದು. ಪಿಂಗ್ 150 ಅಂದರೆ ಸುದ್ದಿ ಹೋಗಿ ಬರಲು 150 ಮಿಲಿಸೆಕೆಂಡು. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಅಷ್ಟು ಹೊತ್ತಿನಲ್ಲಿ 8 ಮೀಟರ್ ದಾಟಿರುತ್ತದೆ, ಹೆಚ್ಚು ಕಡಿಮೆ ಎರಡು ಕಾರಿನ ಉದ್ದ. ನಿಮ್ಮ ಪರದೆಯಲ್ಲಿ ಕಾಣುವ ಎದುರಾಳಿ ನಿಜವಾಗಿ ಇರುವ ಜಾಗದಲ್ಲಿಲ್ಲ. ಗೇಮು ಊಹೆ ಮಾಡಿ ತೋರಿಸುತ್ತಿದೆ. ನೇರ ರಸ್ತೆಯಲ್ಲಿ ಈ ಊಹೆ ಸರಿಹೋಗುತ್ತದೆ. ತಿರುವಿನಲ್ಲಿ ತಪ್ಪುತ್ತದೆ, ಕಾರು ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಆದ್ದರಿಂದ ಸಿಗ್ನಲ್ ಕೈಕೊಟ್ಟ ದಿನ ತಿರುವಿನಲ್ಲಿ ಯಾರ ಪಕ್ಕಕ್ಕೂ ಹೋಗಬೇಡಿ, ಓವರ್‌ಟೇಕ್ ಎಲ್ಲ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಧಾರಾಳ ಜಾಗ ಬಿಟ್ಟು.

ಬಿಸಿಲುಕಾಲದಲ್ಲಿ ಫೋನಿನ ಹಿಂದಿನ ಕವರ್ ತೆಗೆದು ಆಡಿ, ಚಾರ್ಜಿಗೆ ಹಾಕಿಕೊಂಡು ಆಡಬೇಡಿ. ಬಿಸಿಯಾದ ಫೋನ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಚಿತ್ರ ತಡವರಿಸುತ್ತದೆ. ಸೋತದ್ದು ನೀವಲ್ಲ, ಫೋನು; ಪಾಯಿಂಟ್ ಹೋಗುವುದು ಮಾತ್ರ ನಿಮ್ಮದು.

10. ಎದುರಿನ ಕಾರನ್ನು ನೋಡಬೇಡಿ.

ಯಾವುದನ್ನು ದಿಟ್ಟಿಸುತ್ತೀರೋ ಕೈ ಅತ್ತ ತಿರುಗುತ್ತದೆ. ಬೈಕ್ ಕಲಿಸುವವರು ಇದನ್ನು ಮೊದಲ ವಾರವೇ ಹೇಳುತ್ತಾರೆ: ಗುಂಡಿ ನೋಡಿದರೆ ಗುಂಡಿಗೇ ಹೋಗುತ್ತೀರಿ, ಗುಂಡಿಯ ಪಕ್ಕದ ದಾರಿ ನೋಡಿ. ಗೇಮಿನಲ್ಲೂ ಅಷ್ಟೆ. ಮುಂದಿನವನ ಬಾಲವನ್ನೇ ನೋಡುತ್ತಿದ್ದರೆ ಅವನು ಮಾಡಿದ ತಪ್ಪನ್ನು ನೀವೂ ಮಾಡುತ್ತೀರಿ, ಅವನು ಗೋಡೆಗೆ ಹೋದರೆ ಹಿಂದೆಯೇ ನೀವೂ. ಅವನ ಆಚೆಗಿನ ತಿರುವಿನ ಮೇಲೆ ಕಣ್ಣಿರಲಿ.

ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಆ ರ‍್ಯಾಲಿಯಲ್ಲಿ ಮುಂದಿನ ಗಾಡಿ ಎಬ್ಬಿಸಿದ ಧೂಳಿನಲ್ಲಿ ರಸ್ತೆಯೇ ಕಾಣದು. ಕಲ್ಲು, ಹಳ್ಳ ಎಲ್ಲ ಧೂಳಿನೊಳಗೆ. ಅಲ್ಲಿ ಓವರ್‌ಟೇಕ್ ಅಂದರೆ ಧೂಳು ತೆಳುವಾಗುವ ಜಾಗಕ್ಕೆ ಕಾಯುವುದು. ಗೇಮಿನಲ್ಲಿ ಧೂಳಿಲ್ಲ ಅನ್ನುವುದು ನಮ್ಮ ಪುಣ್ಯ, ಆದರೂ ಕಾಯುವವರು ಕಡಿಮೆ.

11. ಸೇಡು ತೀರಿಸಿಕೊಳ್ಳಲು ಹೋದರೆ ಎರಡು ಸ್ಥಾನ ಕಳೆಯಿತು.

1990ರ ದಶಕದ ಕೊನೆಗೆ, ಆಮೇಲೂ ಎಷ್ಟೋ ವರ್ಷ, ನಮ್ಮ ಊರುಗಳ ಕಂಪ್ಯೂಟರ್ ಸೆಂಟರುಗಳಲ್ಲಿ ರೋಡ್ ರ‍್ಯಾಶ್ ಆಡಿದವರಿಗೆ ಇದು ಗೊತ್ತು. ಮೊದಲು 1991ರಲ್ಲಿ ಸೆಗಾ ಕಂಪನಿಯ ಗೇಮ್ ಯಂತ್ರ ಮೆಗಾ ಡ್ರೈವ್‌ಗೆ ಬಂದ ಆಟ, ಆಮೇಲೆ ವಿಂಡೋಸ್‌ಗೂ ಬಂತು. ಬೈಕಿನ ಮೇಲೆ ಕೂತು ಪಕ್ಕದವನಿಗೆ ಒದೆಯುವ ಆನಂದ ಮತ್ತಾವ ಆಟದಲ್ಲೂ ಸಿಗಲಿಲ್ಲ. ಒಂದು ಏಟು ತಿಂದವನು ಹಿಂದಿರುಗಿಸಲು ಪಕ್ಕಕ್ಕೆ ತಿರುಗುತ್ತಿದ್ದ, ಎದುರಿನಿಂದ ಕಾರು ಬರುತ್ತಿತ್ತು, ಬೈಕ್ ಒಂದು ಕಡೆ, ಸವಾರ ಒಂದು ಕಡೆ. ಬಿದ್ದ ಬೈಕಿನ ಹತ್ತಿರ ಓಡಿ ಬಂದು ಮತ್ತೆ ಹತ್ತುವಷ್ಟರಲ್ಲಿ ಐದಾರು ಜನ ಹೋಗಿಯೇ ಬಿಡುತ್ತಿದ್ದರು.

ಯಾರಾದರೂ ಗುದ್ದಿದರೆ ಮುಂದಿನ ಮೂರು ಸೆಕೆಂಡು ಒಂದೇ ಕೆಲಸ: ಗಾಡಿ ನೇರ ಮಾಡುವುದು. ಯಾರು ಗುದ್ದಿದ್ದು ಅಂತ ಹೆಸರು ನೋಡುವುದು ಬೇಡ. ಎರಡು ರೇಸು ಸತತವಾಗಿ ಸಿಟ್ಟಿನಲ್ಲಿ ಸೋತರೆ ಫೋನ್ ಕೆಳಗಿಟ್ಟು ಹೊರಗೆ ಒಂದು ಸುತ್ತು ಹಾಕಿ ಬನ್ನಿ.

12. ಕೆಲವು ಟ್ರ್ಯಾಕಿನಲ್ಲಿ ಮಾತ್ರ ಮುಂದೆಯೇ ಇರಬೇಕು.

ಇಲ್ಲಿಯವರೆಗೆ ಹೇಳಿದ್ದಕ್ಕೆ ತದ್ವಿರುದ್ಧ, ಆದರೆ ಹೇಳಲೇಬೇಕು. ಕಿರಿದಾದ ರಸ್ತೆ, ನೇರ ದಾರಿಯೇ ಇಲ್ಲ, ಇಬ್ಬರು ಪಕ್ಕಪಕ್ಕ ಹೋಗಲಾಗದ ತಿರುವುಗಳು: ಇಂಥ ಟ್ರ್ಯಾಕಿನಲ್ಲಿ ಹಿಂದೆ ಕಾಯುವುದು ಬರೀ ಕಾಯುವುದಾಗುತ್ತದೆ. ನಿಜವಾದ ರೇಸಿನಲ್ಲಿ ಮೊನಾಕೊ ಹಾಗಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಒಂಬೈನೂರು ವರ್ಷದಿಂದ ಕುದುರೆ ಸವಾರರ ಸಾಲು ಓಡುತ್ತಲೇ ಇದೆ, ಒಬ್ಬನೂ ಇನ್ನೊಬ್ಬನಿಗೆ ಸೈಡ್ ಹೊಡೆದಿಲ್ಲ. ಮೊನಾಕೊದ ಎಷ್ಟೋ ರೇಸುಗಳು ಹೀಗೇ ಮುಗಿಯುತ್ತವೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಅಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದದ್ದು ಮೊದಲ ಸ್ಥಾನದಿಂದ ಹೊರಟು, ಮೊದಲ ಸ್ಥಾನವನ್ನು ಕೊನೆಯವರೆಗೂ ಬಿಡದೆ. ನಿಮ್ಮ ಗೇಮಿನ ಅಂಥ ಟ್ರ್ಯಾಕುಗಳು ಯಾವುವು ಅಂತ ಪಟ್ಟಿ ಮಾಡಿಕೊಳ್ಳಿ. ಅಲ್ಲಿ ಮಾತ್ರ ಮೊದಲ ಸೂತ್ರವನ್ನು ಮರೆತು ಶುರುವಿಗೇ ನೈಟ್ರೋ ಸುರಿಯಿರಿ.

13. ಒಂದು ಟ್ರ್ಯಾಕ್, ಒಂದು ಕಾರು, ಎರಡು ಜಾಗ.

ದಿನಕ್ಕೊಂದು ಹೊಸ ಕಾರಿನ ಹಿಂದೆ ಬೀಳಬೇಡಿ. ಒಂದು ಟ್ರ್ಯಾಕನ್ನು ಒಬ್ಬರೇ, ನಿಮ್ಮ ಹಿಂದಿನ ಓಟದ ನೆರಳು ಕಾರಿನ ಜೊತೆ ಓಡಿಸಿ ಬಾಯಿಪಾಠ ಮಾಡಿ. ಆಮೇಲೆ ಅದರಲ್ಲಿ ಓವರ್‌ಟೇಕ್ ಆಗುವ ಎರಡು ಜಾಗ ಗುರುತಿಸಿ. ಸಾಮಾನ್ಯವಾಗಿ ಉದ್ದದ ನೇರ ದಾರಿಗೆ ಮೊದಲಿನ ತಿರುವು ಒಂದು, ಆ ನೇರ ದಾರಿಯ ತುದಿ ಇನ್ನೊಂದು. ಉಳಿದ ಕಡೆ ಪ್ರಯತ್ನವೇ ಬೇಡ. ಕಾರು ಆರಿಸುವಾಗ ತುತ್ತತುದಿಯ ವೇಗದ ಅಂಕಿಗೆ ಮರುಳಾಗುವವರೇ ಹೆಚ್ಚು. ತಿರುವು ಹೆಚ್ಚಿರುವ ಟ್ರ್ಯಾಕಿನಲ್ಲಿ ಬೇಗ ವೇಗ ಹಿಡಿಯುವ ಗಾಡಿಯೇ ಮೇಲು.

14. ದುಡ್ಡು ಕಟ್ಟಿ ಆಡಬೇಡಿ, ರಸ್ತೆಯಲ್ಲಿ ಆಡಬೇಡಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು, ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು. ಇನ್ನು ಇಲ್ಲಿ ಹೇಳಿದ ಯಾವ ಸೂತ್ರವೂ ಬೇಲೂರು–ಹಳೇಬೀಡು ರಸ್ತೆಗೆ ಅನ್ವಯಿಸುವುದಿಲ್ಲ. ಅಲ್ಲಿ ಎದುರಿನಿಂದ ಬರುವವನಿಗೆ ರೀಸ್ಟಾರ್ಟ್ ಬಟನ್ ಇರುವುದಿಲ್ಲ.

15. ಕೊನೆಯ ತಿರುವಿಗೆ ಏನಾದರೂ ಉಳಿಸಿಕೊಂಡಿರಿ.

1971ರ ಸೆಪ್ಟೆಂಬರ್ 5, ಇಟಲಿಯ ಮೊಂಜಾದಲ್ಲಿ ಫಾರ್ಮುಲಾ 1 ರೇಸು. ಉದ್ದುದ್ದ ನೇರ ದಾರಿಗಳ ಟ್ರ್ಯಾಕು, ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ಬಿದ್ದು ಸ್ಲಿಪ್‌ಸ್ಟ್ರೀಮ್ ಹಿಡಿಯುವವರೇ. ಮೊದಲ ಸ್ಥಾನ ಮತ್ತೆ ಮತ್ತೆ ಕೈಬದಲಾಗುತ್ತಿತ್ತು. 55 ಲ್ಯಾಪಿನ ಆ ರೇಸಿನ ಕೊನೆಯ ಲ್ಯಾಪಿಗೆ ಬಂದಾಗ ಪೀಟರ್ ಗೆತಿನ್ ನಾಲ್ಕನೆಯವರು. ಕೊನೆಯ ತಿರುವು ಪರಾಬೋಲಿಕದಲ್ಲಿ ಒಳಬದಿಯಿಂದ ನುಗ್ಗಿ ಮುಂದೆ ಬಂದರು, ಎರಡನೆಯವರಾದ ರೋನಿ ಪೀಟರ್ಸನ್‌ಗಿಂತ 0.01 ಸೆಕೆಂಡು ಮೊದಲು ಗೆರೆ ದಾಟಿದರು. ಮೊದಲ ಐದು ಕಾರುಗಳ ನಡುವಿನ ಅಂತರ 0.61 ಸೆಕೆಂಡು. ಫಾರ್ಮುಲಾ 1 ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆತಿನ್ ಗೆದ್ದದ್ದು ಅದೊಂದೇ ರೇಸು.

ಇಲ್ಲಿ ಇನ್ನೊಂದು ಲೆಕ್ಕ ಇದೆ. ಕೊನೆಯ ತಿರುವಿನಿಂದ ಗೆರೆಯವರೆಗೆ ಎಷ್ಟು ದೂರ ಅಂತ ಮೊದಲೇ ಗೊತ್ತಿರಬೇಕು. ದೂರ ಹೆಚ್ಚಿದ್ದರೆ ತಿರುವಿನಿಂದ ಎರಡನೆಯವರಾಗಿ ಹೊರಬಂದು, ಮುಂದಿನವನ ಗಾಳಿ ಹಿಡಿದು, ಗೆರೆಯ ಹತ್ತಿರ ಪಕ್ಕಕ್ಕೆ ಸರಿದು ನೈಟ್ರೋ ಒತ್ತಬೇಕು. ಕಡಿಮೆ ಇದ್ದರೆ ತಿರುವಿನೊಳಗೇ ಗೆತಿನ್ ಮಾಡಿದ ಹಾಗೆ ಮಾಡಿ, ಹೊರಕ್ಕೆ ಜಾರಿದರೂ ಚಿಂತೆ ಇಲ್ಲ. ಎದುರಾಳಿ ನಿಮ್ಮನ್ನು ಮತ್ತೆ ಹಿಂದಿಕ್ಕಲು ಅವನಿಗೆ ರಸ್ತೆಯೇ ಉಳಿದಿರುವುದಿಲ್ಲ. ಇವತ್ತು ಸಂಜೆ ಆಡಲು ಕೂತಾಗ ನಿಮ್ಮ ಟ್ರ್ಯಾಕಿನಲ್ಲಿ ಆ ದೂರ ಎಷ್ಟು ಸೆಕೆಂಡಿನದು ಅಂತ ಒಮ್ಮೆ ಎಣಿಸಿ ನೋಡಿ.